ಮುಳುಗಡೆ ಊರಿನ ಮಾತು, ಹಾಡುಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳಲು ಮೊದಲು ಏನನ್ನು ಕಲಿಯಬೇಕು?

ಪ್ರಶ್ನೆ: ಬಾಗಲಕೋಟೆ ನವನಗರದಿಂದ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕ. ನಮ್ಮ ಮನೆತನದ ಮೂಲ ಊರು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಡೆಯಾಗಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನೂ ಹಲವು ಊರುಗಳು ಜಾಗ ಬಿಡಬೇಕಾಗುತ್ತದೆ. ಹಳೆಯ ಊರಿನ ಓಣಿ, ಹೊಳೆದಂಡೆಯ ಹೊಲ, ಜಾತ್ರೆ, ಊರು ಬಿಟ್ಟು ಬಂದ ದಿನ ಇವನ್ನೆಲ್ಲ ಕಣ್ಣಾರೆ ಕಂಡವರಿಗೆ ಈಗ ತೀರ ವಯಸ್ಸಾಗಿದೆ. ಅವರ ಮಾತುಗಳನ್ನೂ, ನಮ್ಮ ಅವ್ವ ಮತ್ತು ಆಕೆಯ ಓರಗೆಯವರು ಹಾಡುವ ಬೀಸುಕಲ್ಲಿನ ಪದ ಹಾಗೂ ಸೋಬಾನ ಪದಗಳನ್ನೂ ಧ್ವನಿ ಮತ್ತು ವಿಡಿಯೊ ರೂಪದಲ್ಲಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಬಹಳ ದಿನಗಳ ಆಸೆ. ಸ್ಟುಡಿಯೊಕ್ಕೆ ಕರೆದೊಯ್ದರೆ ಅವರಿಗೆ ಬಾಯಿಯೇ ಬರುವುದಿಲ್ಲವಾದ್ದರಿಂದ ಈ ಕೆಲಸ ಮನೆಯಲ್ಲೇ ಆಗಬೇಕು.

ನನ್ನ ಬಳಿ ಸಾಧಾರಣ ಆಂಡ್ರಾಯ್ಡ್ ಫೋನು ಮತ್ತು ಶಾಲೆಯ ಕೆಲಸಕ್ಕೆ ಬಳಸುವ ಲ್ಯಾಪ್‌ಟಾಪ್ ಇವೆ. ಪ್ರಯೋಗಕ್ಕೆಂದು ನಮ್ಮ ಆರ್‌ಸಿಸಿ ಮನೆಯ ಹಾಲಿನಲ್ಲಿ ಅವ್ವನನ್ನು ಕೂರಿಸಿ ಮುದ್ರಿಸಿದಾಗ ಕಂಡ ತೊಂದರೆಗಳು ಇವು. ಧ್ವನಿ ದೊಡ್ಡ ಕೊಡದ ಒಳಗಿನಿಂದ ಬಂದಂತೆ ಕೇಳುತ್ತದೆ. ಅವ್ವ ಮಾತು ನಿಲ್ಲಿಸಿದ ಕೂಡಲೇ ಫ್ಯಾನಿನ ಸದ್ದು ತಾನಾಗಿ ಏರುತ್ತದೆ, ಮತ್ತೆ ಮಾತು ಶುರುವಾದರೆ ಇಳಿಯುತ್ತದೆ. ವಿಡಿಯೊದಲ್ಲಿ ಅಡ್ಡ ಪಟ್ಟಿಗಳು ಮೆಲ್ಲಗೆ ಮೇಲಕ್ಕೆ ಸರಿಯುತ್ತವೆ. ಸಂಕಲನಕ್ಕೆ ತೆಗೆದುಕೊಂಡರೆ ಮೊದಲು ಸರಿಯಾಗಿದ್ದ ತುಟಿ ಮತ್ತು ಮಾತು ಹತ್ತಿಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಹೊಂದಾಣಿಕೆ ತಪ್ಪುತ್ತವೆ. ಹೆಸರು ಹಾಕಲು ಹೋದರೆ ಒತ್ತಕ್ಷರಗಳು ಒಡೆದು ಬೇರೆ ಬೇರೆ ನಿಲ್ಲುತ್ತವೆ.

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೆಲ್ಲ ಯಾವ ಮೈಕು ಕೊಳ್ಳಬೇಕು, ಯಾವ ಕ್ಯಾಮೆರಾ ಕೊಳ್ಳಬೇಕು ಎಂಬ ಮಾತು. ನನಗೆ ಬೇಕಾದದ್ದು ಕಲಿಕೆಯ ಕ್ರಮ. ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಆಮೇಲೆ ಕಲಿತರೂ ನಡೆಯುತ್ತದೆ, ಹಣವನ್ನು ಎಲ್ಲಿ ಹಾಕಬೇಕು ಎಂದು ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ವಿಜಯಪುರದಿಂದ

ಗುರುಗಳೆ, ನಮಸ್ಕಾರ. ನಾನು ನಾಟಕ, ಭಜನೆ ಮತ್ತು ತತ್ವಪದದ ಮೇಳಗಳಿಗೆ ಧ್ವನಿ ಮುದ್ರಣ ಮಾಡಿಕೊಡುವವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಧ್ವನಿಯನ್ನು ಕಲಿಯಿರಿ. ಧ್ವನಿಯಲ್ಲಿಯೂ ಮೊದಲು ಕೋಣೆಯನ್ನು ಮತ್ತು ದೂರವನ್ನು ಕಲಿಯಿರಿ, ಮೈಕಿನ ಕಂಪನಿಯನ್ನಲ್ಲ. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ಜನ ಕೊನೆಯ ತನಕ ನೋಡುತ್ತಾರೆ, ಆದರೆ ಮಾತು ತಿಳಿಯದಿದ್ದರೆ ಎರಡನೆಯ ನಿಮಿಷಕ್ಕೇ ಎದ್ದು ಹೋಗುತ್ತಾರೆ. ನಿಮ್ಮ ಕೆಲಸದಲ್ಲಂತೂ ಉಳಿಯಬೇಕಾದದ್ದು ಹಾಡಿನ ಧಾಟಿ ಮತ್ತು ಮಾತಿನ ಒನಪು. ನಮ್ಮ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಕೈಯಿಂದ ಬರೆದುಕೊಂಡು ಉಳಿಸಿದ ಉಪಕಾರ ಎಷ್ಟು ದೊಡ್ಡದೆಂದು ಕನ್ನಡ ಶಿಕ್ಷಕರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಕಾಗದಕ್ಕೆ ಇಳಿದದ್ದು ಪದ ಮಾತ್ರ, ಧಾಟಿ ಹಾಡಿದವರ ಕೊರಳಲ್ಲೇ ಉಳಿಯಿತು. ಅದನ್ನು ಹಿಡಿಯುವ ಅವಕಾಶ ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಇರುವಾಗ, ಮೊದಲ ಗಮನ ಧ್ವನಿಗೇ ಹೋಗಬೇಕು.

ಧ್ವನಿ ಕೊಡದೊಳಗಿಂದ ಬಂದಂತೆ ಕೇಳುವುದೇಕೆ ಎಂಬುದನ್ನು ತಿಳಿದರೆ ಅರ್ಧ ವಿದ್ಯೆ ಬಂದಂತೆ. ಬಾಯಿಂದ ಹೊರಟ ಧ್ವನಿ ಎರಡು ದಾರಿಯಲ್ಲಿ ಮೈಕಿಗೆ ಬರುತ್ತದೆ: ಒಂದು ನೇರವಾಗಿ, ಇನ್ನೊಂದು ಗೋಡೆ, ನೆಲ, ಸ್ಲ್ಯಾಬಿಗೆ ಬಡಿದು ತಿರುಗಿ. ನಮ್ಮ ಗೋಳಗುಮ್ಮಟದಲ್ಲಿ ಗುಮ್ಮಟದ ಹೊರವ್ಯಾಸವೇ ಸುಮಾರು 44 ಮೀಟರು ಇರುವುದರಿಂದ ಬಡಿದು ಬಂದ ಧ್ವನಿ ತಡವಾಗಿ, ಬೇರೆಯದೇ ಮಾತಾಗಿ, ಮತ್ತೆ ಮತ್ತೆ ಕೇಳುತ್ತದೆ. ಮನೆಯ ಹಾಲಿನಲ್ಲಿ ಗೋಡೆ ಹತ್ತಿರವಿರುವುದರಿಂದ ಅದೇ ಪ್ರತಿಧ್ವನಿ ಬೇರೆಯಾಗಿ ಕೇಳದೆ ಮೂಲ ಮಾತಿಗೇ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಒಮ್ಮೆ ಮುದ್ರಣದಲ್ಲಿ ಸೇರಿದ ಈ ಗುಂಗನ್ನು ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು. ತಡೆಯುವ ದಾರಿಗಳು ಎರಡೇ: ಮೈಕನ್ನು ಬಾಯಿಯ ಹತ್ತಿರ ತರುವುದು, ಕೋಣೆಯ ಗಟ್ಟಿ ಮೈಯನ್ನು ಮುಚ್ಚುವುದು.

ಹತ್ತಿರ ತರುವುದರ ಲೆಕ್ಕ ಸರಳವಾಗಿದೆ. ದೂರ ಅರ್ಧಕ್ಕೆ ಇಳಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ (ಧ್ವನಿಯ ಮಟ್ಟದ ಅಳತೆ) ಏರುತ್ತದೆ, ಆದರೆ ಕೋಣೆಯ ಗುಂಗು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಮೀಟರಿನಿಂದ 25 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ, ಅದೂ ಖರ್ಚಿಲ್ಲದೆ. ಬಾಯಿಗೆ ನೇರವಾಗಿ ಹಿಡಿದರೆ ಪ, ಬ, ಭ ಅಕ್ಷರಗಳ ಉಸಿರು ಮೈಕಿಗೆ ಬಡಿಯುತ್ತದೆ, ಆದ್ದರಿಂದ ಸ್ವಲ್ಪ ಓರೆಯಾಗಿ, ಗಲ್ಲದ ಕಡೆಯಿಂದ ಹಿಡಿಯಬೇಕು.

ಕೋಣೆಯ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು, ಏಕೆಂದರೆ ನಮ್ಮ ಮನೆಗಳಲ್ಲಿ ಕೌದಿಗಳಿವೆ. ಹಳೆಯ ಸೀರೆ, ಧೋತರಗಳ ಪದರು ಪದರು ಸೇರಿಸಿ ಹೊಲಿದ ದಪ್ಪ ಕೌದಿಯು ಮಾತಿನ ಸ್ಪಷ್ಟತೆಗೆ ಕಾರಣವಾಗುವ ಎತ್ತರದ ಸ್ವರಗಳ ಪ್ರತಿಫಲನವನ್ನು ಚೆನ್ನಾಗಿ ನುಂಗುತ್ತದೆ. ಹಾಲನ್ನು ಬಿಟ್ಟು ಜೋಳದ ಚೀಲ, ಹಾಸಿಗೆ, ಬಟ್ಟೆಬರೆ ತುಂಬಿರುವ ಒಳಕೋಣೆಗೆ ಹೋಗಿರಿ. ನೆಲಕ್ಕೆ ಜಮಖಾನೆ ಹಾಸಿ, ಹಾಡುವವರ ಬೆನ್ನ ಹಿಂದೆ ಒಂದು, ಮೈಕಿನ ಹಿಂದೆ ಒಂದು ಹೀಗೆ ಎರಡು ಕೌದಿಗಳನ್ನು ಹಗ್ಗಕ್ಕೆ ಇಳಿಬಿಡಿ. ಗೋಡೆಗೆ ಅಂಟಿಸುವುದಕ್ಕಿಂತ ಒಂದು ಗೇಣು ಮುಂದಕ್ಕೆ ಇಳಿಬಿಟ್ಟರೆ ಇನ್ನೂ ಕೆಳಗಿನ ಸ್ವರಗಳೂ ಅಡಗುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ತೆಳುವಾದ ಸ್ಪಂಜಿನ ಹಲಗೆಗಳಿಗಿಂತ ಇದು ಎಷ್ಟೋ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಫ್ಯಾನಿನ ಸದ್ದು ಏರಿಳಿಯುವುದು ಫೋನಿನ ಸ್ವಯಂಚಾಲಿತ ಧ್ವನಿ ಹೊಂದಾಣಿಕೆಯಿಂದ. ಮಾತು ಇಲ್ಲದಾಗ ಧ್ವನಿ ಕಡಿಮೆಯಾಯಿತೆಂದು ತಿಳಿದು ಫೋನು ತಾನೇ ಮಟ್ಟವನ್ನು ಏರಿಸುತ್ತದೆ. ಇದು ಹಾಡಿಗೆ ಬಹಳ ಕೆಟ್ಟದ್ದು, ಏಕೆಂದರೆ ಹಾಡುವವರು ಬೇಕೆಂದೇ ತಗ್ಗಿಸಿದ ದನಿಯನ್ನು ಫೋನು ಎತ್ತಿಬಿಡುತ್ತದೆ. ಮಟ್ಟವನ್ನು ಕೈಯಿಂದ ನಿಗದಿ ಮಾಡಲು ಬಿಡುವ, ಧ್ವನಿಯನ್ನು ಕುಗ್ಗಿಸದ ವೇವ್ ರೂಪದಲ್ಲಿ ಉಳಿಸುವ ಧ್ವನಿಮುದ್ರಣದ ಆ್ಯಪ್ ಬಳಸಿರಿ. ವಿಡಿಯೊಕ್ಕೆ ಉಚಿತವಾಗಿ ಸಿಗುವ ಓಪನ್ ಕ್ಯಾಮೆರಾದಲ್ಲಿ ಧ್ವನಿಯ ಮೂಲವನ್ನು ಆಯ್ದುಕೊಳ್ಳುವ ಅವಕಾಶವಿದೆ. ಅಲ್ಲಿ ಸಂಸ್ಕರಣೆಯಿಲ್ಲದ ಮೂಲವನ್ನು ಆರಿಸಿ ನೋಡಿ, ನಿಮ್ಮ ಫೋನು ಅದಕ್ಕೆ ಒಪ್ಪಿದರೆ ವ್ಯತ್ಯಾಸ ಕೂಡಲೇ ಕಿವಿಗೆ ತಿಳಿಯುತ್ತದೆ. ಮುದ್ರಿಸುವಾಗ ಮಾಪಕದ ಮುಳ್ಳು ಅತಿ ಜೋರಿನ ಸ್ವರದಲ್ಲೂ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದು ಮರಳಿ ಬಾರದು. ಸೋಬಾನ ಪದದಲ್ಲಿ ಒಬ್ಬರು ಹೇಳಿ ಉಳಿದವರೆಲ್ಲ ಎತ್ತಿಕೊಳ್ಳುವಾಗ ಧ್ವನಿ ಒಮ್ಮೆಗೇ ಏರುತ್ತದೆಂಬುದನ್ನು ನೆನಪಿಟ್ಟು, ಮಟ್ಟವನ್ನು ಗುಂಪಿನ ದನಿಗೆ ತಕ್ಕಂತೆ ಹೊಂದಿಸಿರಿ.

ಮಾದರಿ ದರ, ಅಂದರೆ ಸೆಕೆಂಡಿಗೆ ಧ್ವನಿಯ ಅಲೆಯನ್ನು ಎಷ್ಟು ಸಲ ಅಳೆಯಬೇಕೆಂಬುದು, 48 ಕಿಲೋಹರ್ಟ್ಜ್ (48 ಸಾವಿರ ಸಲ) ಇರಲಿ; ಆಳ, ಅಂದರೆ ಪ್ರತಿ ಅಳತೆಯ ಸೂಕ್ಷ್ಮತೆ, 24 ಬಿಟ್ ಇರಲಿ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ ಕೇಳುತ್ತದೆ, ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು. ವಿಡಿಯೊದವರು 48ನ್ನೇ ಬಳಸುವುದರಿಂದ ಆಮೇಲೆ ಬದಲಿಸುವ ತಾಪತ್ರಯವೂ ಇರುವುದಿಲ್ಲ. ಒಂದೇ ಮೈಕಿನ ಮುದ್ರಣ ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಎಂಪಿ3 ಮಾಡುವುದಿದ್ದರೆ ಹಂಚುವ ಪ್ರತಿಗೆ ಮಾತ್ರ ಮಾಡಿರಿ, ಮೂಲವನ್ನು ವೇವ್ ಆಗಿಯೇ ಇಡಿ.

ಸಂಕಲನಕ್ಕೆ ಆಡಾಸಿಟಿ ಸಾಕು. ಅದು ಉಚಿತ, ಮುಕ್ತ ತಂತ್ರಾಂಶ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಅದರ ಪಾಠಗಳಿವೆ. ಆ ಯೋಜನೆಯ ಹಲವು ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ನೀವು ಮೊದಲು ಕಲಿಯಬೇಕಾದ ಕೆಲಸಗಳು ಕತ್ತರಿಸುವುದು, ಜೋಡಿಸುವುದು, ಮಟ್ಟ ಸರಿಪಡಿಸುವುದು ಇಷ್ಟೇ. ಗದ್ದಲ ಇಳಿಸುವ ಸೌಲಭ್ಯವನ್ನು ಬಳಸಬೇಕಾದರೆ ಯಾರೂ ಮಾತನಾಡದ ಮೌನದ ತುಣುಕೊಂದು ಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಬೈಠಕ್ಕಿನಲ್ಲೂ ಎಲ್ಲರನ್ನೂ ಸುಮ್ಮನೆ ಕೂರಿಸಿ ಅರ್ಧ ನಿಮಿಷ ಬರಿಯ ಕೋಣೆಯನ್ನು ಮುದ್ರಿಸಿಕೊಳ್ಳಿರಿ. ಇಳಿಸುವುದನ್ನು 6 ಡೆಸಿಬೆಲ್‌ನಿಂದ ಶುರುಮಾಡಿ, ಮಾತಿನ ಸ, ಶ ಅಕ್ಷರಗಳು ನೀರಿನಲ್ಲಿ ಗುಳುಗುಳು ಎಂದಂತೆ ಕೇಳತೊಡಗಿದರೆ ಹಿಂದಕ್ಕೆ ಬನ್ನಿರಿ. ಆದರೆ ಫ್ಯಾನು ಆರಿಸಿ ಮುದ್ರಿಸುವುದಕ್ಕೆ ಸಮನಾದ ಉಪಾಯ ಮತ್ತೊಂದಿಲ್ಲ. ಬೇಸಿಗೆಯಲ್ಲಿ ವಯಸ್ಸಾದವರನ್ನು ಫ್ಯಾನಿಲ್ಲದೆ ಕೂರಿಸುವುದು ನ್ಯಾಯವಲ್ಲವಾದ್ದರಿಂದ ಬೆಳಗಿನ ತಂಪಿನಲ್ಲಿ, ಹಿಟ್ಟಿನ ಗಿರಣಿ ಶುರುವಾಗುವ ಮೊದಲು, ಹತ್ತು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ಮುದ್ರಿಸಿರಿ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ಪಕ್ಕದ ಮನೆಯನ್ನು ಆರಿಸಲೇಬೇಡಿ, ಟ್ರ್ಯಾಕ್ಟರಿನ ಹಾಡಿನ ಸದ್ದು ಎಂಥ ಗೋಡೆಯನ್ನೂ ದಾಟಿ ಬರುತ್ತದೆ.

ಅಭ್ಯಾಸಕ್ಕೆ ಒಂದು ವಿಧಾನ ಹೇಳುತ್ತೇನೆ. ಅವ್ವನಿಗೆ ತೊಂದರೆ ಕೊಡದೆ ನೀವೇ ಒಂದು ತ್ರಿಪದಿಯನ್ನು ಹೇಳಿ ಮುದ್ರಿಸಿರಿ. ಪ್ರತಿ ಸಲವೂ ಒಂದನ್ನು ಮಾತ್ರ ಬದಲಿಸಿರಿ. ದೂರ ಬದಲಿಸಿದಾಗ ಕೋಣೆ ಅದೇ ಇರಲಿ, ಕೋಣೆ ಬದಲಿಸಿದಾಗ ದೂರ ಅದೇ ಇರಲಿ. ಯಾವುದು ಯಾವ ರೀತಿ ಮುದ್ರಿಸಿದ್ದು ಎಂದು ಮುದ್ರಣದ ಆರಂಭದಲ್ಲಿ ಬಾಯಿಂದಲೇ ಹೇಳಿರಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಎಲ್ಲವನ್ನೂ ಒಂದರ ಹಿಂದೆ ಒಂದು ಕೇಳಿರಿ. ನಿಮ್ಮಲ್ಲಿರುವ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದೂ ಆ ಹೆಡ್‌ಫೋನೇ, ಮೈಕಲ್ಲ. ಕೇಳಿಸದೆ ಇರುವುದನ್ನು ತಿದ್ದಲು ಯಾರಿಗೂ ಆಗದು. ಆಮೇಲೆ ತಂತಿಯ ಕಾಲರ್ ಮೈಕು ಒಂದು ಸಾಕು. ಕೊಳ್ಳುವಾಗ ಅದರ ಪಿನ್ನು ಫೋನಿಗೆ ಹೊಂದುವ ನಾಲ್ಕು ಭಾಗದ್ದೋ, ಕ್ಯಾಮೆರಾಕ್ಕೆ ಹೊಂದುವ ಮೂರು ಭಾಗದ್ದೋ ಎಂದು ನೋಡಿಕೊಳ್ಳಿರಿ. ಫೋನಿನಲ್ಲಿ ಆ ತೂತೇ ಇಲ್ಲದಿದ್ದರೆ ಯುಎಸ್‌ಬಿ-ಸಿ ಮೈಕು ಬೇಕು.

ಉತ್ತರ: ಬೆಳಗಾವಿಯಿಂದ

ಸರ್, ಮೇಲಿನ ಉತ್ತರದಲ್ಲಿ ಧ್ವನಿಯ ವಿಷಯ ಬಂದಿರುವುದರಿಂದ ನಾನು ವಿಡಿಯೊದ ವಿಷಯವನ್ನಷ್ಟೇ ಬರೆಯುತ್ತೇನೆ. ನಾನು ಮದುವೆ, ಸೀಮಂತ, ಗೃಹಪ್ರವೇಶಗಳ ಚಿತ್ರೀಕರಣ ಮತ್ತು ಸಂಕಲನ ಮಾಡುವವನು.

ನಿಮ್ಮ ಅಡ್ಡ ಪಟ್ಟಿಗಳಿಗೆ ಕಾರಣ ಮನೆಯ ದೀಪ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆದ್ದರಿಂದ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ವೇಗವನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟಿಗಳು ಮಾಯವಾಗುತ್ತವೆ. ಕೆಲವು ಫೋನುಗಳ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಮಿಣುಕು ತಡೆಯಲೆಂದೇ 50 ಮತ್ತು 60 ಹರ್ಟ್ಜ್ ಎಂಬ ಆಯ್ಕೆ ಇರುತ್ತದೆ, ಅಲ್ಲಿ 50 ಇರಲಿ. ಸೆಕೆಂಡಿಗೆ 25 ಚೌಕಟ್ಟುಗಳ (ಫ್ರೇಮುಗಳ) ವೇಗ ಸಿಕ್ಕರೆ ಅದನ್ನೇ ಬಳಸಿ. ಇದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಹಗಲು ಹೊತ್ತಿನಲ್ಲಿ ದೀಪಗಳನ್ನೆಲ್ಲ ಆರಿಸಿ, ಕಿಟಕಿ ಅಥವಾ ಪಡಸಾಲೆಯ ಬಾಗಿಲಿನ ಬೆಳಕಿನಲ್ಲೇ ತೆಗೆಯುವುದು. ಕೂತವರ ಮುಖಕ್ಕೆ ಬೆಳಕು ಒಂದು ಬದಿಯಿಂದ ಬೀಳಲಿ, ಬಾಗಿಲು ಅವರ ಬೆನ್ನ ಹಿಂದೆ ಬರದಿರಲಿ.

ಹಿರಿಯರು ಬಿಳಿಯ ಪಟಗ ಸುತ್ತಿ, ಬಿಳಿ ಅಂಗಿ ತೊಟ್ಟು ಕೂತರೆ ಅವರ ಮುಖ ವಿಡಿಯೊದಲ್ಲಿ ಕಪ್ಪಗೆ ಬರುತ್ತದೆ. ಫೋನು ಇಡೀ ಚೌಕಟ್ಟಿನ ಬೆಳಕನ್ನು ಸರಾಸರಿ ಮಾಡಿ, ಬಿಳಿ ಹೆಚ್ಚಾಯಿತೆಂದು ಚಿತ್ರವನ್ನೆಲ್ಲ ಕತ್ತಲು ಮಾಡುವುದೇ ಇದಕ್ಕೆ ಕಾರಣ. ಪರದೆಯ ಮೇಲೆ ಅವರ ಕೆನ್ನೆಯ ಜಾಗದಲ್ಲಿ ಬೆರಳೊತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಅಲ್ಲಿಗೆ ಬಿಗಿಯಾಗುತ್ತವೆ. ಹಾಗೆ ಬಿಗಿಮಾಡದಿದ್ದರೆ ಅವರು ಕೈಯೆತ್ತಿ ಮಾತನಾಡಿದಾಗಲೆಲ್ಲ ಬೆಳಕು ಏರಿಳಿಯುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಹಾಕಿ, ಕೂತವರ ಕಣ್ಣಿನ ಎತ್ತರಕ್ಕೆ ಇಡಿ. ನೆಲದ ಮೇಲೆ ಕೂತವರನ್ನು ನಿಂತವರ ಎತ್ತರದಿಂದ ತೆಗೆಯಬಾರದು. ಅದು ಚಿತ್ರಕ್ಕೂ ಚೆನ್ನಲ್ಲ, ಹಿರಿಯರಿಗೆ ಗೌರವವೂ ಅಲ್ಲ.

ತುಟಿ ಮತ್ತು ಮಾತು ತಪ್ಪುವುದಕ್ಕೆ ಕಾರಣವೂ ಫೋನಿನ ಸ್ವಭಾವವೇ. ಬೆಳಕಿಗೆ ತಕ್ಕಂತೆ ಫೋನು ಚೌಕಟ್ಟುಗಳ ವೇಗವನ್ನು ಒಳಗೊಳಗೇ ಬದಲಿಸುತ್ತ ಹೋಗುತ್ತದೆ. ಸಂಕಲನದ ತಂತ್ರಾಂಶ ಅದು ಒಂದೇ ವೇಗದ್ದೆಂದು ತಿಳಿದು ನಡೆಯುತ್ತದೆ. ಸಂಕಲನಕ್ಕೆ ತೆಗೆದುಕೊಳ್ಳುವ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗದ ಆಯ್ಕೆ ಕೊಟ್ಟು ಒಮ್ಮೆ ಪರಿವರ್ತಿಸಿಕೊಳ್ಳಿ, ಆಮೇಲೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್‌ನಲ್ಲಿ ಕೆಲಸ ಮಾಡಿ. ಎರಡೂ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ಡಾವಿಂಚಿ ರಿಸಾಲ್ವ್ ಕೂಡ ಉಚಿತವಾಗಿ ಸಿಗುತ್ತದೆ, ಬಣ್ಣ ತಿದ್ದಲು ಅದನ್ನು ಮೀರಿದ್ದು ಕಡಿಮೆ. ಆದರೆ ಅದಕ್ಕೆ ಬಲವಾದ ಗ್ರಾಫಿಕ್ಸ್ ಇರುವ ಗಣಕ ಬೇಕು.

ಧ್ವನಿಯನ್ನು ಬೇರೆ ಫೋನಿನಲ್ಲಿ ಮುದ್ರಿಸಿದರೆ ಆರಂಭದಲ್ಲಿ ಕ್ಯಾಮೆರಾದ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅಂಗೈ ಕೂಡಿದ ಚೌಕಟ್ಟನ್ನೂ ಧ್ವನಿಯ ಅಲೆಯಲ್ಲಿ ಎದ್ದ ಮೊನೆಯನ್ನೂ ಒಂದರ ಕೆಳಗೆ ಒಂದು ತಂದರೆ ಹೊಂದಿಕೆಯಾಯಿತು. ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ನಡೆಯುವುದರಿಂದ ಬಿಡುವು ಕೊಟ್ಟು ಮತ್ತೆ ಶುರುಮಾಡಿದಾಗಲೆಲ್ಲ ಚಪ್ಪಾಳೆ ಇರಲಿ.

ಮೈಕಿನ ವಿಷಯದಲ್ಲಿ ಮಾತ್ರ ನನಗೆ ವಿಜಯಪುರದವರಿಗಿಂತ ಬೇರೆ ಅಭಿಪ್ರಾಯವಿದೆ. ನೀವು ಹಿನ್ನೀರಿನ ದಂಡೆಯಲ್ಲಿ ಹಿರಿಯರನ್ನು ನಡೆಸುತ್ತ, ಹಳೆಯ ಊರಿನ ಜಾಗ ತೋರಿಸುತ್ತ ಮಾತನಾಡಿಸುವುದಿದ್ದರೆ ತಂತಿ ಕಾಲಿಗೆ ತೊಡಕುತ್ತದೆ. ಅಂಥ ಕಡೆ ನಿಸ್ತಂತು ಮೈಕೇ ಬೇಕು. ಗಾಳಿಗೆ ಬರಿಯ ಸ್ಪಂಜಿನ ಟೊಪ್ಪಿಗೆ ಸಾಲದು, ರೋಮದಂಥ ಎಳೆಗಳಿರುವ ಹೊದಿಕೆ ಹಾಕಿಕೊಳ್ಳಿ.

ಉತ್ತರ: ಜಮಖಂಡಿಯಿಂದ

ಗುರುಗಳೆ, ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ನಮ್ಮ ಸುತ್ತಿನ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಡುತ್ತ ಬಂದವಳು. ಯಂತ್ರದ ಮಾತು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಮುದ್ರಣದ ಮೊದಲು ಮತ್ತು ಆಮೇಲೆ ಆಗಬೇಕಾದ ಕೆಲಸವೂ ತಾಂತ್ರಿಕ ಕೌಶಲವೇ ಎಂದು ನಾನು ತಿಳಿದಿದ್ದೇನೆ, ಅದನ್ನು ಬರೆಯುತ್ತೇನೆ.

ಮೊದಲನೆಯದು ಒಪ್ಪಿಗೆ. ಈ ಮುದ್ರಣ ಮನೆಯಲ್ಲೇ ಇರುತ್ತದೆಯೋ, ಶಾಲೆಯ ಮಕ್ಕಳು ಕೇಳುತ್ತಾರೋ, ಯೂಟ್ಯೂಬಿಗೆ ಹೋಗುತ್ತದೆಯೋ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವರು ಒಪ್ಪಿದ್ದನ್ನು ಮುದ್ರಣದ ಆರಂಭದಲ್ಲೇ ಅವರ ದನಿಯಲ್ಲಿ ಉಳಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಇದೆ, ಅದು 50 ವರ್ಷ ನಡೆಯುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಊರು ಬಿಟ್ಟ ದಿನದ ಸಂಕಟವನ್ನು ಹೇಳಿ ಕಣ್ಣೀರು ತೆಗೆದವರು ನಾಳೆ ಅದನ್ನು ಜಗತ್ತೆಲ್ಲ ನೋಡುವುದು ಬೇಡವೆಂದರೆ ಆ ತುಣುಕನ್ನು ತೆಗೆದಿಡುವುದು ನಮ್ಮ ಧರ್ಮ.

ಎರಡನೆಯದು ಬರಹ. ಪಠ್ಯ ಇಳಿಸುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವರು ಮನಿ ಎಂದರೆ ಮನಿ ಎಂದೇ, ಹೊಳಿ ಎಂದರೆ ಹೊಳಿ ಎಂದೇ ಬರೆಯಿರಿ. ನಿಮ್ಮ ಒತ್ತಕ್ಷರ ಒಡೆಯುವುದಕ್ಕೆ ಎರಡು ಕಾರಣಗಳಿರಬಹುದು. ಹಳೆಯ ನುಡಿ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಹಳೆಯ ವ್ಯವಸ್ಥೆ) ಬೆರಳಚ್ಚಿಸಿದ ಪಠ್ಯವನ್ನು ಹಾಗೆಯೇ ಅಂಟಿಸಿದರೆ ಅದು ಕನ್ನಡವಾಗಿಯೇ ಕಾಣದು, ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪಠ್ಯ ಯೂನಿಕೋಡಿನಲ್ಲಿದ್ದರೂ ಒಡೆಯುತ್ತಿದ್ದರೆ ಆ ಸಂಕಲನ ತಂತ್ರಾಂಶಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ ಎಂದರ್ಥ. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶ ಬಳಸುವವರು ಅದರ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕಾಗಬಹುದು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಇವು ಉಚಿತವಾಗಿ ಸಿಗುವ ಒಳ್ಳೆಯ ಅಕ್ಷರವಿನ್ಯಾಸಗಳು. ಹಿರಿಯರೂ ನೋಡುವ ವಿಡಿಯೊ ಆದ್ದರಿಂದ ಅಕ್ಷರ ದೊಡ್ಡದಿರಲಿ.

ಮೂರನೆಯದು ಕಾಪಿಡುವುದು. ನಮ್ಮ ಭಾಗದಲ್ಲಿ ಮುದ್ರಣಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಫೈಲಿಗೆ ಊರು, ಹಾಡಿದವರು, ದಿನಾಂಕ, ಹಾಡಿನ ಮೊದಲ ಸಾಲು ಇಷ್ಟು ಹೆಸರಿನಲ್ಲೇ ಇರಲಿ. ಹಾಡಿದವರ ತವರೂರು ಯಾವುದೆಂದು ತಪ್ಪದೆ ಬರೆದಿಡಿ, ಏಕೆಂದರೆ ಹೆಣ್ಣುಮಕ್ಕಳು ಧಾಟಿಯನ್ನು ತವರಿನಿಂದ ತರುತ್ತಾರೆ. ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ರೂಪದಲ್ಲೇ ಉಳಿಯುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ನಿಮ್ಮ ಸಂಗ್ರಹ ಸ್ವಲ್ಪ ಬೆಳೆದ ಮೇಲೆ ಅಲ್ಲಿನ ಅಧ್ಯಾಪಕರನ್ನು ಕಂಡು ಮಾತನಾಡಿ.

ಪ್ರಶ್ನಿಸಿದವರು: ಬಾಗಲಕೋಟೆ ನವನಗರದಿಂದ

ಮೂವರಿಗೂ ಮನಸಾರೆ ವಂದನೆಗಳು. ವಿಜಯಪುರದವರು ಹೇಳಿದಂತೆ ಒಂದೇ ತ್ರಿಪದಿಯನ್ನು ಹಾಲಿನಲ್ಲಿ ಮತ್ತು ಜೋಳದ ಚೀಲಗಳಿರುವ ಒಳಕೋಣೆಯಲ್ಲಿ ಮುದ್ರಿಸಿ ಕೇಳಿದೆ. ಕೌದಿ ಇಳಿಬಿಟ್ಟ ಕೋಣೆಯಲ್ಲಿ ಸಾಲಿನ ಕೊನೆಯ ಅಕ್ಷರ ಎಲ್ಲಿ ಮುಗಿಯಿತೆಂದು ಸ್ಪಷ್ಟವಾಗಿ ತಿಳಿಯುತ್ತದೆ, ಹಾಲಿನಲ್ಲಿ ಅದು ಮುಂದಿನ ಸಾಲಿನೊಳಗೆ ಹರಿದು ಸೇರುತ್ತದೆ. ಶಟರನ್ನು 50ಕ್ಕೆ ನಿಲ್ಲಿಸಿದ ಮೇಲೆ ಪಟ್ಟಿಗಳೂ ಹೋದವು.

ಈಗ ಉಳಿದಿರುವ ತೊಡಕು ಒಂದೇ. ಅವ್ವ ಬೀಸುತ್ತ ಹಾಡಿದಾಗ ಕಲ್ಲಿನ ಸದ್ದು ಹಾಡನ್ನು ಮುಚ್ಚುತ್ತದೆ. ಕಾಲರ್ ಮೈಕು ಸಿಕ್ಕಿಸಿದರೆ ಮೈ ತೂಗಿದಾಗಲೆಲ್ಲ ಸೆರಗು ತಾಗಿ ಸರಸರ ಸದ್ದು ಬರುತ್ತದೆ. ಗೆಳೆಯರೊಬ್ಬರ ನಿಸ್ತಂತು ಮೈಕನ್ನೂ ಹಾಕಿ ನೋಡಿದೆ, ಅದರಲ್ಲಿ ಕಲ್ಲಿನ ಸದ್ದು ತುಂಡು ತುಂಡಾಗಿ ಕೇಳುತ್ತದೆ. ಬೀಸದೆ ಸುಮ್ಮನೆ ಕೂತು ಹಾಡು ಎಂದು ಕೇಳಲೇ?

ಉತ್ತರ: ಜಮಖಂಡಿಯಿಂದ

ಹಾಗೆ ಕೇಳಬೇಡಿ. ಬೀಸುಕಲ್ಲಿನ ಪದಕ್ಕೆ ಲಯ ಕೊಡುವುದೇ ಕಲ್ಲಿನ ಸುತ್ತು. ಸುಮ್ಮನೆ ಕೂತು ಹಾಡಿದಾಗ ಸಾಲು ಎಳೆಯುವ ಜಾಗ, ಉಸಿರು ತೆಗೆದುಕೊಳ್ಳುವ ಜಾಗ ಎರಡೂ ಬದಲಾಗುವುದನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಪದಗಳನ್ನು ಬರೆದುಕೊಳ್ಳಲು ಬೇಕಿದ್ದರೆ ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಳ್ಳಿ, ಮುದ್ರಣ ಮಾತ್ರ ಬೀಸುತ್ತಲೇ ಆಗಲಿ.

ಉತ್ತರ: ವಿಜಯಪುರದಿಂದ

ಅಕ್ಕಾವರ ಮಾತಿಗೆ ನನ್ನದೂ ಒಪ್ಪಿಗೆ. ಆ ನಿಸ್ತಂತು ಮೈಕಿನಲ್ಲಿ ಗದ್ದಲ ತಡೆಯುವ ಸೌಲಭ್ಯ ಆನ್ ಆಗಿರಬೇಕು, ಅದು ಕಲ್ಲಿನ ಸದ್ದನ್ನು ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ಹಾಡಿಗೆ ಅದನ್ನು ಯಾವಾಗಲೂ ಆಫ್ ಮಾಡಬೇಕು.

ಮೈಕನ್ನು ಸೀರೆಯಿಂದ ತೆಗೆದು ಮೇಲಿನಿಂದ ಇಳಿಬಿಡಿ. ಹಳೆಯ ಮನೆಯಾದರೆ ಜಂತೆಗೆ ತೊಟ್ಟಿಲು ಕಟ್ಟುವ ಕೊಂಡಿ ಇದ್ದೇ ಇರುತ್ತದೆ. ಬೀಸುಕಲ್ಲನ್ನು ಅದರ ಕೆಳಗೆ ಇಟ್ಟು, ಮೈಕಿನ ತಂತಿಯನ್ನು ಕೊಂಡಿಯಿಂದ ಇಳಿಬಿಟ್ಟು, ಅವ್ವ ಮುಂದಕ್ಕೆ ಬಾಗಿದಾಗ ತಲೆಗೆ ತಾಗದಂತೆ ಹಣೆಗಿಂತ ಒಂದು ಗೇಣು ಮೇಲೆ ಮತ್ತು ಸ್ವಲ್ಪ ಮುಂದೆ ನಿಲ್ಲಿಸಿ. ಹೀಗಾದರೆ ಬಾಯಿ ಮೈಕಿಗೆ ಹತ್ತಿರ, ಕಲ್ಲು ದೂರ. ಎರಡನೆಯ ಫೋನನ್ನು ಕಲ್ಲಿನಿಂದ ಎರಡು ಮೊಳ ದೂರದಲ್ಲಿ ಮಡಚಿದ ಕೌದಿಯ ಮೇಲೆ ಇಡಿ. ಬರಿಯ ನೆಲದ ಮೇಲಿಟ್ಟರೆ ಕಲ್ಲಿನ ನಡುಕ ನೆಲದ ಮೂಲಕ ನೇರವಾಗಿ ಫೋನಿಗೆ ಹತ್ತುತ್ತದೆ. ಆಡಾಸಿಟಿಯಲ್ಲಿ ಎರಡನ್ನೂ ಚಪ್ಪಾಳೆಯಿಂದ ಹೊಂದಿಸಿ, ಕಲ್ಲಿನ ಪಟ್ಟಿಯನ್ನು ಹಾಡಿಗಿಂತ 10 ಡೆಸಿಬೆಲ್ ಕೆಳಗೆ ಇಟ್ಟು ಕೇಳುತ್ತ, ಪದ ತಿಳಿಯುವವರೆಗೆ ಇಳಿಸುತ್ತ ಬನ್ನಿ. ಹಾಡಿನ ಪಟ್ಟಿಯಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನದನ್ನು ತೆಗೆದುಹಾಕಬಹುದು, ಹೆಣ್ಣುದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಕಲ್ಲಿನ ಪಟ್ಟಿಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ, ಗುಡುಗುಡು ಎನ್ನುವ ಸದ್ದು ಇರುವುದೇ ಅಲ್ಲಿ.

ಇನ್ನೊಂದು ಮಾತು. ಮುದ್ರಣಕ್ಕೆಂದು ಬರಿಗಲ್ಲು ತಿರುಗಿಸಬೇಡಿ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದರೆ ಕೀರಲು ಸದ್ದು ಬರುತ್ತದೆ, ಅವ್ವನ ಕೈಗೂ ಅದು ಹಿತವಲ್ಲ. ಜೋಳವನ್ನು ಪಕ್ಕದಲ್ಲಿ ಮೊರದಲ್ಲಿ ಇಟ್ಟುಕೊಟ್ಟು, ಅವರು ತಮ್ಮ ರೂಢಿಯಂತೆ ಹಿಡಿ ಹಿಡಿ ಹಾಕಿ ಬೀಸಲಿ. ಮೊದಲ ನಾಲ್ಕೈದು ಹಿಡಿ ಮುಗಿದು ಕೈ ಹದಕ್ಕೆ ಬಂದ ಮೇಲೆಯೇ ಹಾಡು ತಾನಾಗಿ ಏಳುವುದರಿಂದ, ಮುದ್ರಣವನ್ನು ಆರಂಭದಿಂದಲೇ ನಡೆಯಲು ಬಿಟ್ಟು ನೀವು ಕೋಣೆಯ ಹೊರಗೆ ಕುಳಿತುಕೊಳ್ಳಿ.